ಬನವ್ವನ ಗೂಟ

ನಮ್ಮೂರ ಶಾಲೆಯ ಹಲಗೆ ಒರೆಸಲು ಬರೀ ಬಟ್ಟೆ ಇದ್ದರೆ ಸಾಲದು. ಅದರ ಮೇಲೆ ಬರೆದದ್ದು ಆ ಹೊತ್ತಿನಲ್ಲಿ ಎದುರಿಗೆ ಕೂತ ಮಕ್ಕಳಿಗೆಲ್ಲ ತಲೆಗೆ ಹತ್ತಬೇಕು. ಒಬ್ಬರಿಗೆ ಹತ್ತದೆ ಉಳಿದರೂ ಆ ಸಾಲು ಅಲ್ಲೇ ಉಳಿಯುತ್ತದೆ. ಒದ್ದೆ ಅರಿವೆಯಿಂದ ಉಜ್ಜಿ, ತೆಂಗಿನ ನಾರು ಹಾಕಿ ತಿಕ್ಕಿ, ಬೂದಿ ಬಳಿದು ತೊಳೆಯಿರಿ, ಒಂದು ಗೀರೂ ಅಲುಗುವುದಿಲ್ಲ.

ಪರವೂರಿನವರು ಇದನ್ನು ಕೇಳಿ ಬಾಯಿ ತೆರೆಯುತ್ತಾರೆ. ನಾವು ತೆರೆಯುವುದಿಲ್ಲ, ನಮಗೆ ಬೇರೆ ಕೆಲಸವಿದೆ. ಶಾಲೆ ಬಿಡುವ ಹೊತ್ತಿಗೆ ತಾಯಂದಿರು ಒದ್ದೆ ಬಟ್ಟೆ ಹಿಡಿದು ಬಂದು ಹಲಗೆ ಒರೆಸಿ ನೋಡುತ್ತಾರೆ. ಅಳಿಸಿಹೋದರೆ ಮಗನಿಗೆ ಬೆಲ್ಲ, ಹೋಗದಿದ್ದರೆ ಬೆನ್ನಿಗೆ ಗುದ್ದು. ಗಂಡು ನೋಡಲು ಬಂದವರು ಮೊದಲು ಹುಡುಗನ ಮನೆಗಲ್ಲ, ಶಾಲೆಗೆ ಬಂದು ಹಲಗೆ ನೋಡಿ ಹೋಗುತ್ತಿದ್ದ ಕಾಲವೂ ಇತ್ತು. ದನದ ವ್ಯಾಪಾರಿಗಳ ಜೊತೆ ಊರು ಬಿಟ್ಟು ಹೋದ ಒಬ್ಬ ಹುಡುಗನ ಮಗ್ಗಿಯ ಸಾಲು ಒಂಬತ್ತು ವರ್ಷ ಹಲಗೆಯ ಮೂಲೆಯಲ್ಲಿ ಕೂತಿತ್ತು. ಒಂದು ಬೆಳಿಗ್ಗೆ ಯಾರದೋ ಸೆರಗು ತಾಗಿ ಅದು ಅಳಿಸಿಹೋಯಿತು. ಅವನು ಎಲ್ಲೋ ಬದುಕಿದ್ದಾನೆ, ಮಗ್ಗಿ ಕಲಿತಿದ್ದಾನೆ ಎಂದು ಅವನ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಕಲಿಯದೆ ಸತ್ತು ಹೋದವರ ಪಾಲಿಗೆ ಮಾತ್ರ ಹಲಗೆ ಹಟ ಹಿಡಿಯುವುದಿಲ್ಲ. ಜ್ವರದಲ್ಲಿ ಒಂದು ಕೂಸು ಹೋದರೆ ಅದರ ಸಾಲು ಮರುದಿನವೇ ಬಿಟ್ಟುಕೊಡುತ್ತದೆ. ಅಂಥ ಸಾಲನ್ನು ನಾನು ಎರಡು ಸಲ ಒರೆಸಿದ್ದೇನೆ, ಎರಡೂ ಸಲ ಕಣ್ಣು ಮುಚ್ಚಿಕೊಂಡು.

ಶಾಲೆ ಎಂದರೆ ಒಂದೇ ಕೋಣೆ. ಒಂದು ಬಾಗಿಲು, ಎರಡು ಕಿಟಕಿ, ನಾಲ್ಕು ತರಗತಿ, ಒಬ್ಬರು ಮಾಸ್ತರು. ಮೊದಲು ಅದು ನೇಕಾರರು ನೂಲು ಇಡುವ ಕೋಣೆಯಾಗಿತ್ತು. ನನ್ನ ಅಜ್ಜ ಗುರುಪಾದಯ್ಯ ಒಂದು ಕಬ್ಬಿಣದ ಪೆಟ್ಟಿಗೆ ಹೊತ್ತು ಈ ಊರಿಗೆ ಬಂದು, ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ, ತಲೆಯ ಮೇಲೊಂದು ಸೂರು ಕೊಡಿ ಎಂದಾಗ ನೇಕಾರರು ನೂಲನ್ನು ತಮ್ಮ ತಮ್ಮ ಮನೆಗೆ ಹೊತ್ತುಕೊಂಡು ಹೋಗಿ ಕೋಣೆ ಖಾಲಿ ಮಾಡಿಕೊಟ್ಟರಂತೆ. ಮುರಿದ ಮಗ್ಗವೊಂದರ ಹಲಗೆಗಳನ್ನು ಜೋಡಿಸಿ, ಇದ್ದಿಲು ಅರೆದು ಸೊಪ್ಪಿನ ರಸದಲ್ಲಿ ಕಲಸಿ ಬಳಿದು, ಕರಿ ಹಲಗೆ ಮಾಡಿದವರು ಅಜ್ಜನೇ. ಅದು ಯಾಕೆ ಹೀಗೆ ಎಂದು ಅಜ್ಜ ಯಾರನ್ನೂ ಕೇಳಲಿಲ್ಲ. ಅದಕ್ಕೆ ತಕ್ಕ ಹಾಗೆ ಶಾಲೆ ನಡೆಸುವುದನ್ನು ಕಲಿತರು. ನಾಲ್ಕನೆಯವರಿಗೆ ಬರೆಯುವಾಗ ಉಳಿದ ಮೂರು ತರಗತಿಯವರು ಹಿಂದಿನ ಗೋಡೆಗೆ ಮುಖ ಮಾಡಿ ಕೂರಬೇಕು. ಕದ್ದು ತಿರುಗಿ ನೋಡಿದ ಒಂದನೆಯ ತರಗತಿಯವನು ಅದನ್ನೂ ಕಲಿತೇ ತೀರಬೇಕಾಗುತ್ತಿತ್ತು. ಇಂದಿಗೂ ನಮ್ಮೂರ ಮಕ್ಕಳು ಬೆನ್ನು ತಿರುಗಿಸಿ ಕೂರುವುದರಲ್ಲಿ ನಿಸ್ಸೀಮರು.

ಅಜ್ಜನ ನಂತರ ಇಬ್ಬರು ಮಾಸ್ತರು ಬಂದು ಹೋದರು. ಆಮೇಲೆ ನಾನು. ಇಪ್ಪತ್ತೆರಡು ವರ್ಷದಿಂದ ನಾನೇ ಅಕ್ಕೋರು. ನಾನು ಕಾಲಿಟ್ಟ ದಿನವೂ, ನಾನು ಕೂಸಾಗಿ ಅಲ್ಲಿ ಕೂತ ದಿನವೂ, ಹಲಗೆಯ ಮುಕ್ಕಾಲು ಪಾಲನ್ನು ಒಂದೇ ಲೆಕ್ಕ ಹಿಡಿದುಕೊಂಡಿತ್ತು. ಅಜ್ಜನ ಕೈಬರಹ, ಒಂದೊಂದು ಅಕ್ಷರ ಗೇಣುದ್ದ: "ಅರವತ್ತು ಮೊಳ ಉದ್ದದ ಹಾಸು. ಈ ತುದಿಯಿಂದ ಆ ತುದಿಯವರೆಗೆ ಆರು ಮೊಳಕ್ಕೊಂದು ಗೂಟ. ಎಷ್ಟು ಗೂಟ ಬೇಕು? ಹತ್ತು." ನೇಕಾರರು ಬೀದಿಯಲ್ಲಿ ಉದ್ದಕ್ಕೆ ನೂಲು ಚಾಚಿ ಗೂಟಕ್ಕೆ ಕಟ್ಟಿ ಗಂಜಿ ಹಾಕುತ್ತಾರಲ್ಲ, ಅದೇ ಹಾಸು. ನೇಕಾರ ಓಣಿಯಿಂದ ಮೊದಲ ಸಲ ಒಂದು ಹೆಣ್ಣುಮಗು ಶಾಲೆಗೆ ಬಂದಿತ್ತು. ಅದಕ್ಕೆ ಖುಷಿಯಾಗಲಿ ಎಂದು ಅಜ್ಜ ಅವತ್ತು ಎಲ್ಲ ತರಗತಿಯವರನ್ನೂ ಹಲಗೆಯ ಕಡೆಗೆ ತಿರುಗಿಸಿ ಈ ಲೆಕ್ಕ ಬರೆದರು. ಆ ಮಗುವೇ ಬನವ್ವ. ಅವಳಿಗೆ ಆಗ ಒಂಬತ್ತು ವರ್ಷ. ಲೆಕ್ಕ ಅವಳ ತಲೆಗೆ ಹತ್ತಲಿಲ್ಲ, ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ, ಬರೆದದ್ದು ಅಳಿಸಿಹೋಗಲಿಲ್ಲ. ಊರು ಹೇಳುತ್ತಿದ್ದ ಕಥೆ ಇಷ್ಟೇ.

ಅರವತ್ತೆರಡು ವರ್ಷದಲ್ಲಿ ಆ ಲೆಕ್ಕಕ್ಕೆ ಬನವ್ವನ ಗೂಟ ಎಂದೇ ಹೆಸರಾಯಿತು. ದಡ್ಡನನ್ನು ಬಯ್ಯಬೇಕಾದರೆ "ಬನವ್ವನ ಗೂಟ ಇದ್ದಂಗ ಇದ್ದಿ ನೋಡು" ಎನ್ನುತ್ತಾರೆ. ಎತ್ತು ಗದ್ದೆಯಲ್ಲಿ ನಿಂತುಬಿಟ್ಟರೂ ಅದೇ ಮಾತು. ಕೆಳಗೆ ಉಳಿದ ಒಂದು ಗೇಣು ಜಾಗದಲ್ಲೇ ನಾನು ನಾಲ್ಕು ತರಗತಿಗೂ ಕಲಿಸುತ್ತಿದ್ದೆ. ನಮ್ಮೂರವರಿಗೆ ದೊಡ್ಡ ಭಾಗಾಕಾರ ಇಂದಿಗೂ ಅರ್ಧಕ್ಕೇ ನಿಲ್ಲುತ್ತದೆ, ಪೂರ್ತಿ ಬರೆದು ತೋರಿಸಲು ಜಾಗವೇ ಇರಲಿಲ್ಲ. ಬೇರೆ ಹಲಗೆ ತರಬಾರದೇ ಎಂದು ನೀವು ಕೇಳುತ್ತೀರಿ. ತಂದಿದ್ದೆವು. ಸುಮ್ಮನೆ ಒರೆಸಿದರೆ ಹೋಗುವುದನ್ನು ಯಾಕೆ ಕಲಿಯಬೇಕು ಎಂದು ಮಕ್ಕಳು ನಕ್ಕುಬಿಟ್ಟವು. ಆ ಹಲಗೆ ಈಗ ಪಂಚಾಯಿತಿ ಕಟ್ಟೆಯ ಮೇಲೆ ಬೆಂಚಾಗಿದೆ.

ಅವತ್ತು ಹಲಗೆಯ ಎದುರಿಗೆ ಕೂತಿದ್ದ ಹದಿನೆಂಟು ಮಕ್ಕಳಲ್ಲಿ ಕಳೆದ ಮಾಘದ ಹೊತ್ತಿಗೆ ಉಳಿದವರು ಇಬ್ಬರೇ. ಒಬ್ಬಳು ಬನವ್ವ. ಇನ್ನೊಬ್ಬ ನನ್ನ ಅಪ್ಪ ರಾಚಯ್ಯ, ಗುರುಪಾದಯ್ಯ ಮಾಸ್ತರ ಒಬ್ಬನೇ ಮಗ. ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಶಾಲೆಯ ಬಾಗಿಲಿಗೆ ಬಂದು ಹಲಗೆಗೆ ಕೈ ಮುಗಿದು ಹೋಗುತ್ತಿದ್ದ. ಅಜ್ಜನದೊಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಇದ್ದದ್ದು ಆ ಕೈಬರಹ ಒಂದೇ.

ಮಾಘದಲ್ಲಿ ಬನವ್ವ ಹಾಸಿಗೆ ಹಿಡಿದಳು. ಸುದ್ದಿ ಊರೆಲ್ಲ ಹಬ್ಬಿತು. ಬಾವಿಕಟ್ಟೆಯ ಹತ್ತಿರ ಹೆಂಗಸರು "ಪಾಪ, ಗಂಜೀನೂ ಇಳಿಯೂದಿಲ್ಲಂತ" ಎನ್ನುವಾಗ ಅವರ ಕಣ್ಣು ಶಾಲೆಯ ಕಡೆಗೆ ಹೋಗುತ್ತಿತ್ತು. ಶಾಲಾ ಕಮಿಟಿಯ ಅಧ್ಯಕ್ಷ ಫಕೀರಪ್ಪ ಒಂದು ಮಧ್ಯಾಹ್ನ ಹೊಸ ಅರಿವೆಯ ತುಂಡೊಂದನ್ನು ನನ್ನ ಮೇಜಿನ ಮೇಲೆ ಇಟ್ಟ. ಅದರ ಅಂಚನ್ನು ಹೊಲಿಸಿಕೊಂಡೂ ಬಂದಿದ್ದ.

"ಏನ್ರಿ ಇದು?" ಎಂದೆ.

"ಇರಲಿ ಇಟಗೋರಿ ಅಕ್ಕೋರ. ಬೇಕಾಗತೈತಿ. ಇಂದಲ್ಲ ನಾಳೆ..." ಎಂದು ಹಲ್ಲು ಬಿಟ್ಟ. "ನಮ್ಮ ಮೊಮ್ಮಕ್ಕಳ ಕಾಲಕ್ಕರ ಹಲಗಿ ಸ್ವಚ್ಛ ಆಗಲಿ. ನಾ ಏನ್ ಆಕಿಗೆ ಕೆಟ್ಟದ್ದು ಬಯಸಾಕ ಹತ್ತಿಲ್ಲ ಮತ್ತ."

ಅವನ ಮುಖಕ್ಕೆ ಅರಿವೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಯಾಕೆಂದರೆ, ಸುಳ್ಳು ಯಾಕೆ ಹೇಳಲಿ, ಅವಳು ಹೋದರೆ ಹಲಗೆ ಪೂರ್ತಿ ಸಿಗುತ್ತದೆ ಎಂದು ನನ್ನ ಮನಸ್ಸಿನ ಮೂಲೆಯಲ್ಲೂ ಒಂದು ಲೆಕ್ಕ ಓಡಿತ್ತು. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಅವತ್ತೇ ಸಂಜೆ ಪಾಟಿ ಹಿಡಿದುಕೊಂಡು ನೇಕಾರ ಓಣಿಗೆ ಹೋದೆ. ಸಾಯುವ ಮೊದಲು ಒಂದು ಸಲವಾದರೂ ಯಾರಾದರೂ ಅವಳಿಗೆ ನೆಟ್ಟಗೆ ಕಲಿಸಬೇಕು, ಹೋಗುವಾಗ ದಡ್ಡಿ ಎನ್ನಿಸಿಕೊಂಡು ಹೋಗಬಾರದು ಎಂಬುದು ನನ್ನ ಯೋಚನೆ. ನನ್ನ ದೊಡ್ಡಸ್ತಿಕೆ ನೆನೆದರೆ ಈಗ ನಾಚಿಕೆಯಾಗುತ್ತದೆ.

ಬನವ್ವನ ಹೊರಸು ಬೀದಿಯ ಕಿಟಕಿಗೆ ಒತ್ತಿಕೊಂಡಿತ್ತು. ಮೈ ಒಣಗಿ ಹಿಡಿಯಷ್ಟಾಗಿದ್ದಳು. ಕಣ್ಣು ಮಾತ್ರ ಚುರುಕಾಗಿದ್ದವು. ಸೊಸೆ ಸಾವಂತ್ರಿ ನನಗೆ ಚಾಪೆ ಹಾಸಿ ಒಳಗೆ ಹೋದಳು.

"ಯಾಕ ಬಂದೀ, ಮಾಸ್ತರ ಮೊಮ್ಮಗಳ?" ಬನವ್ವ ಕೇಳಿದಳು.

"ಆ ಲೆಕ್ಕ ಹೇಳಿಕೊಡೂಣು ಅಂತ ಬಂದೇನಿ, ಆಯಿ."

ಅವಳು ನನ್ನ ಪಾಟಿ ನೋಡಿದಳು, ನನ್ನನ್ನು ನೋಡಿದಳು. "ಫಕೀರ ಅರಿವಿ ತಂದು ಇಟ್ಟಾನಂತ?"

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪಾಟಿಯನ್ನು ಚಾಪೆಯ ಮೇಲೆ ಬೋರಲು ಹಾಕಿದೆ.

"ಮಡಚಿ ಇಟಗೊಳ್ಳಾಕ ಹೇಳು. ನಾ ಸತ್ತರೂ ಅದು ಅಳಿಸಿಹೋಗೂದಿಲ್ಲ."

"ಹಂಗ್ಯಾಕ ಅಂತೀ ಆಯಿ?"

"ಅದು ನನ್ನಿಂದ ನಿಂತದ್ದಲ್ಲ."

"ಮತ್ತ ಯಾರಿಂದ?"

ಅವಳು ಕಿಟಕಿಯ ಕಡೆಗೆ ಹೊರಳಿದಳು. "ಒಂದ ಸಲ ಹೇಳಿದ್ದೆ. ಹದಿನೇಳು ಬಿದ್ದವು. ಇನ್ನೊಮ್ಮೆ ಹೇಳೂದಿಲ್ಲ. ನೀ ಹೋಗು, ನನಗ ನಿದ್ದಿ ಬಂದೈತಿ." ನಿದ್ದೆ ಬಂದಿರಲಿಲ್ಲ, ಅವಳ ಬೆನ್ನಿನಲ್ಲೇ ಅದು ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಮತ್ತೆ ಹೋದೆ. ಬನವ್ವ ಮುಖ ತಿರುಗಿಸಲೇ ಇಲ್ಲ. ಹೊರಗೆ ಸಾವಂತ್ರಿ ಹಾಸು ಹೂಡುತ್ತಿದ್ದಳು. "ಅಕ್ಕೋರ, ಈ ಕೊನೀ ಗೂಟ ಒಂಚೂರು ಹಿಡೀರಿ" ಎಂದಳು. ಹಿಡಿದೆ. ಅವಳು ಕಲ್ಲಿನಿಂದ ಬಡಿದಳು. ಸುಮ್ಮನಿರಲಾರದ ಮಾಸ್ತರಿಕೆಯ ಚಾಳಿ ನೋಡಿ, ಬಾಯಿ ಕೇಳಿಬಿಟ್ಟಿತು: "ಹಾಸು ಎಷ್ಟು ಉದ್ದ, ಸಾವಂತ್ರಿ?"

"ಅರವತ್ತು ಮೊಳ. ಯಾವತ್ತೂ ಅಷ್ಟ."

"ಎಷ್ಟು ಗೂಟ?"

"ಹನ್ನೊಂದು," ಎಂದಳು, ತಲೆ ಎತ್ತದೆ.

"ಆರು ಮೊಳಕ್ಕೊಂದು ಅಂದ್ರ ಹತ್ತು ಆಗಬೇಕಲ್ಲ?"

ಸಾವಂತ್ರಿ ನನ್ನನ್ನು ಕನಿಕರದಿಂದ ನೋಡಿದಳು. "ಅದು ಸಾಲಿಯಾಗ ರೀ. ಸಾಲಿಯಾಗ ಹತ್ತು. ಇಲ್ಲಿ ಹನ್ನೊಂದು."

ನಾನು ಹಿಡಿದಿದ್ದ ಗೂಟದಿಂದ ಎಣಿಸಿದೆ. ಹನ್ನೊಂದು. ಆ ತುದಿಗೆ ಓಡಿ ಹೋಗಿ ಅಲ್ಲಿಂದ ಎಣಿಸಿದೆ. ಹನ್ನೊಂದು. ಎರಡು ಗೂಟದ ನಡುವಿನ ಸಂದು ಎಣಿಸಿದೆ. ಹತ್ತು. ಅಜ್ಜ ಸಂದು ಎಣಿಸಿ ಗೂಟ ಎಂದು ಬರೆದಿದ್ದರು. ಅರವತ್ತೆರಡು ವರ್ಷ ಇಡೀ ಊರು ಅದನ್ನು ಬಾಯಿಪಾಠ ಮಾಡಿತು. ನೇಕಾರ ಓಣಿಯ ಮಕ್ಕಳೂ ಬೆಳಿಗ್ಗೆ ಓಣಿಯಲ್ಲಿ ಹನ್ನೊಂದು ಗೂಟ ಹುಗಿದು, ಹತ್ತು ಗಂಟೆಗೆ ಶಾಲೆಗೆ ಬಂದು ಹತ್ತು ಎಂದು ಕಿರುಚಿದವು. ನಾನು ಇಪ್ಪತ್ತೆರಡು ವರ್ಷ ಅದನ್ನು ಬೆತ್ತದಿಂದ ತೋರಿಸಿ ತೋರಿಸಿ ಕಿರುಚಿಸಿದೆ. ಲೆಕ್ಕ ತಲೆಗೆ ಹತ್ತದೆ ಉಳಿದವರು ಹದಿನೇಳು ಮಂದಿ. ಹತ್ತಿದವಳು ಒಬ್ಬಳೇ. ಆ ಹದಿನೇಳರಲ್ಲಿ ಹದಿನಾರು ಮಂದಿ ಮಣ್ಣಾಗಿದ್ದಾರೆ, ಇನ್ನೊಬ್ಬ ನಮ್ಮ ಮನೆಯ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾನೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಹೋಗಿ ಅಪ್ಪನ ಎದುರು ಕೂತೆ. "ಅಪ್ಪಾ, ಬನವ್ವ ಅವತ್ತು ಏನಂದಿದ್ಲು?"

"ತಪ್ಪು ಅಂದಿದ್ಲು."

"ಏನಂತ?"

"ಹನ್ನೊಂದು ಅಂದ್ಲು." ಅಪ್ಪ ನಕ್ಕ. "ನಮ್ಮಪ್ಪ ಹತ್ತು ಅಂತ ಬರದಾರ, ಕಣ್ಣಿಗೆ ರಾಚೂಹಂಗ ಕಾಣತೈತಿ, ಈಕಿ ಎದ್ದು ನಿಂತು ಹನ್ನೊಂದು ಅಂತಾಳ. ಆಗಿನ ಪದ್ಧತಿ ನಿನಗ ಗೊತ್ತೈತಲ್ಲ."

ಗೊತ್ತಿತ್ತು. ತಪ್ಪು ಹೇಳಿದವರ ಮೂಗು ಹಿಡಿದು, ಸರಿ ಹೇಳಿದವರು ಒಬ್ಬೊಬ್ಬರಾಗಿ ಬಂದು ಕಪಾಳಕ್ಕೆ ಹೊಡೆಯಬೇಕು. ನಾನು ಬಂದ ಮೇಲೆ ಅದನ್ನು ನಿಲ್ಲಿಸಿದ್ದೆ.

"ಹದಿನೇಳು ಮಂದಿ ಹೊಡದ್ರಿ," ಎಂದೆ.

"ಹೂಂ. ಮೊದಲು ನಾನು. ಮಾಸ್ತರ ಮಗ ಅಲ್ಲೇನು, ಎಲ್ಲಾರಕಿಂತ ಜೋರು." ಅಷ್ಟರಲ್ಲಿ ನನ್ನ ಮುಖ ನೋಡಿ ಅಪ್ಪನ ನಗು ನಿಂತಿತು. "ಯಾಕ?"

ನಾನು ಎಲೆ ಅಡಿಕೆಯ ತಟ್ಟೆಯಿಂದ ಲವಂಗ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟು ತೋರಿಸಿದೆ. ಅಪ್ಪ ನೋಡಿದ. ಮೊದಲನೆಯ ಲವಂಗವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ, "ಇದು ಗೂಟ ಅಲ್ಲ, ಇದು ಶುರು. ಶುರುವಿನದು ಎಣಿಕೀಗೆ ಬರೂದಿಲ್ಲ" ಎಂದ. ನಾನು ಅದನ್ನು ತಿರುಗಿ ಇಟ್ಟೆ. ಅಪ್ಪ ತಿರುಗಿ ತಳ್ಳಿದ. ಮೂರನೆಯ ಸಲ ತಟ್ಟೆಯನ್ನೇ ಒದ್ದು ಎದ್ದ.

"ನಮ್ಮಪ್ಪ ತಪ್ಪು ಬರೀಲಿಲ್ಲ! ಈ ಊರಾಗ ಒಬ್ಬರಿಗೂ ಸಹಿ ಮಾಡಾಕ ಬರತಿರಲಿಲ್ಲ. ಆ ಮನುಷ್ಯಾ ಬಂದು ಇವರನ್ನೆಲ್ಲಾ ಮನುಷ್ಯಾರನ್ನ ಮಾಡಿದ. ಸಾಯೂಮುಂದ ಆ ಹಲಗಿ ಕಡೆ ಮಾರಿ ಮಾಡಿ ಸತ್ತ. ಒಂದು ಹೆಂಗಸಿನ ಮಾತಿಗೆ ನೀ ನಿಮ್ಮಜ್ಜನ್ನ ದಡ್ಡ ಅಂತಿಯೇನು?"

"ದಡ್ಡ ಅನ್ನೂದಿಲ್ಲ ಅಪ್ಪಾ. ತಪ್ಪ್ಯಾರ ಅಂತೇನಿ."

"ಎರಡೂ ಒಂದ."

ಅವತ್ತು ಅಪ್ಪ ರಾತ್ರಿಯ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ಬೆಳಗಾಗುತ್ತಲೇ ಸಾವಂತ್ರಿಯ ಮಗಳು ಓಡಿ ಬಂದಳು, ಅಜ್ಜಿ ನೀರನ್ನೂ ಒಲ್ಲೆ ಅನ್ನುತ್ತಿದ್ದಾಳೆ ಎಂದಳು. ಅವಳ ಹಿಂದೆಯೇ ಫಕೀರಪ್ಪ ಬಾಗಿಲಲ್ಲಿ ಹಣಿಕಿ, ಕೊಡದಲ್ಲಿ ನೀರು ತುಂಬಿಸಿ ಶಾಲೆಯ ಕಟ್ಟೆಯ ಮೇಲೆ ಇಡಿಸಿದ್ದೇನೆ ಎಂದು ತಿಳಿಸಿ ಹೋದ. ಅವಳು ಇವತ್ತು ಹೋಗಿಬಿಟ್ಟರೆ ಊರೆಲ್ಲ ಬಟ್ಟೆ ಹಿಡಿದು ಶಾಲೆಗೆ ನುಗ್ಗುತ್ತದೆ. ಅದು ಅಳಿಸಿಹೋಗುವುದಿಲ್ಲ. ಆಗ ಏನೆಂದುಕೊಳ್ಳುತ್ತಾರೆ? ಸತ್ತರೂ ಬಿಡದಷ್ಟು ದಡ್ಡಿ ಎನ್ನುತ್ತಾರೆ. ಆ ಮಾತು ಇನ್ನು ನೂರು ವರ್ಷ ನಿಲ್ಲುತ್ತದೆ. ಸರಿ ಹೇಳಿದವಳು ಹೋದ ಮೇಲೆ ಸರಿ ಎಂದು ಸಾರಿದರೆ ಅವಳಿಗೇನು ಬಂತು? ಇದನ್ನೆಲ್ಲ ನಾನು ಅಪ್ಪನಿಗೆ ಅಳುತ್ತಾ ಹೇಳಿದೆ. ನಲವತ್ತೈದರ ಹೆಂಗಸು ನಾನು, ಮೂಗು ಸುರಿಸಿಕೊಂಡು ಅತ್ತೆ.

ಅಪ್ಪ ಕೋಲು ತೆಗೆದುಕೊಂಡ. "ನಡಿ. ಎಣಿಸಿ ತೋರಸ್ತೇನಿ. ಹತ್ತು ಆದ್ರ ಇನ್ನೊಮ್ಮೆ ನಮ್ಮಪ್ಪನ ಹೆಸರು ಎತ್ತಬಾರದು ನೀನು."

ನೇಕಾರ ಓಣಿಯಲ್ಲಿ ಅವತ್ತಿನ ಹಾಸು ಆಗಲೇ ಬಿಗಿಯಾಗಿ ನಿಂತಿತ್ತು, ಒದ್ದೆ ಗಂಜಿ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಅಪ್ಪನನ್ನು ಕಂಡು ಸಾವಂತ್ರಿ ಕುಂಚ ಕೆಳಗಿಟ್ಟು ಸೆರಗು ಹೊದ್ದಳು. ಅಪ್ಪ ಯಾರನ್ನೂ ಮಾತಾಡಿಸಲಿಲ್ಲ. ಎಪ್ಪತ್ತೆರಡರ ಮನುಷ್ಯ, ಸೊಂಟ ಬಗ್ಗಿಸಿ, ಮೊಳಕೈ ಹಚ್ಚಿ ಹಚ್ಚಿ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದ. ಅರವತ್ತು. ನಡುವೆ ಎರಡು ಸಲ ಕೂತು ದಮ್ಮು ತೆಗೆದುಕೊಂಡ. ಜನ ಸೇರಿದರು, ಫಕೀರಪ್ಪನೂ ಬಂದ. ಅಪ್ಪ ತಿರುಗಿ ಬಂದು, ಮೊದಲ ಗೂಟವನ್ನು ದಾಟಿ, ಎರಡನೆಯದಕ್ಕೆ ಕೋಲು ಮುಟ್ಟಿಸಿ, "ಒಂದು" ಎಂದ. ಕೊನೆಯದಕ್ಕೆ "ಹತ್ತು" ಎಂದು ಕೂಗಿ ನನ್ನ ಕಡೆ ತಿರುಗಿದ. "ನೋಡು. ಆತೇನು?"

"ಅಲ್ಲೊಂದು ಉಳೀತು ಅಪ್ಪಾ."

"ಅದು ಶುರು! ಮೊದಲನೇದು ಎಣಿಕೀಗೆ ಬರೂದಿಲ್ಲ ಅಂತ ಎಷ್ಟು ಸಲ ಹೇಳಲಿ?"

"ಎಣಿಕೀಗೆ ಬರದಿದ್ದದ್ದು ಯಾಕ ಬೇಕು? ಕಿತ್ತು ಒಗದುಬಿಡು."

ಅಪ್ಪ ಕೋಲು ಊರುತ್ತ ಮೊದಲ ಗೂಟದ ಹತ್ತಿರ ಬಂದ. ಅವನ ಹಟ ನನಗೆ ಗೊತ್ತು, ಕಿತ್ತರೂ ಕಿತ್ತನೇ. ಎರಡೂ ಕೈಯಲ್ಲಿ ಗೂಟ ಹಿಡಿದು ಅಲುಗಿಸಿದ. ಮಣ್ಣು ಸಡಿಲಾಗಿ ಗೂಟ ಒಂದು ಬೆರಳು ಒಳಕ್ಕೆ ವಾಲಿತು. ಅಷ್ಟಕ್ಕೇ ಅರವತ್ತು ಮೊಳದ ನೂಲು ಆ ತುದಿಯಿಂದ ಈ ತುದಿಯವರೆಗೆ ನಡುಗಿ ಜೋತು ಬಿತ್ತು, ಒದ್ದೆ ಎಳೆಗಳು ಒಂದಕ್ಕೊಂದು ಅಂಟತೊಡಗಿದವು.

"ಅಯ್ಯಾರ, ಬ್ಯಾಡ್ರಿ!" ಸಾವಂತ್ರಿ ಚೀರಿದಳು. "ಅದು ಹೋದ್ರ ಎಲ್ಲಾ ಹೋತರಿ!"

ಅಪ್ಪ ಹಾಗೆಯೇ ನಿಂತ. ಕೈ ಗೂಟದ ಮೇಲೆ, ಕಣ್ಣು ನೂಲಿನ ಮೇಲೆ. ಆಮೇಲೆ ಗೂಟವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ನೆಟ್ಟಗೆ ಮಾಡಿ, ಕಾಲಿನಿಂದ ಮಣ್ಣು ತುಳಿದು ಬಿಗಿ ಮಾಡಿದ. ನೂಲು ಮತ್ತೆ ಎದ್ದು ನಿಂತಿತು. ಅಪ್ಪ ಆ ಗೂಟದ ತಲೆಯ ಮೇಲೆ ಬೆರಳಿಟ್ಟು, ಯಾರಿಗೂ ಕೇಳಿಸದಷ್ಟು ಸಣ್ಣಗೆ, "ಒಂದು" ಎಂದ. ಅಲ್ಲಿಂದ ಕೋಲಿಲ್ಲದೆ, ಒಂದೊಂದೂ ಗೂಟದ ತಲೆ ಮುಟ್ಟುತ್ತಾ ಹೋದ. ಕೊನೆಯ ಗೂಟದ ತಲೆಯ ಮೇಲೆ ಅಂಗೈ ಊರಿದ. ಅದು ಎಷ್ಟನೆಯದೆಂದು ಅಲ್ಲಿದ್ದವರೆಲ್ಲರಿಗೂ ಗೊತ್ತಾಯಿತು.

ಕಿಟಕಿಯ ಸರಳಿನ ಹಿಂದೆ ಬನವ್ವನ ಎರಡು ಕಣ್ಣು ಇದನ್ನೆಲ್ಲ ನೋಡುತ್ತಿದ್ದವು.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ನಾನು ಹೊಸ್ತಿಲಲ್ಲಿ ನಿಂತೆ. ಹೊರಸಿನ ಪಕ್ಕ ನೆಲದ ಮೇಲೆ ಕೂತು, ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಪ್ಪ ಮುಖ ಮುಂದೆ ಚಾಚಿದ. "ಹನ್ನೊಂದು ಬನವ್ವ. ಹನ್ನೊಂದು. ಹಿಡಿ, ಮೂಗು ಹಿಡಿ."

ಬನವ್ವ ಎಡಗೈ ಎತ್ತಿದಳು. ಅದು ಮೆಲ್ಲಗೆ ಬಂದು ಅಪ್ಪನ ಮೂಗನ್ನು ಹಿಡಿಯಿತು. ಬಲಗೈ ಎತ್ತಿ ಹೊಡೆದಳು. ಆ ಹೊಡೆತಕ್ಕೆ ಕೆನ್ನೆಯ ಮೇಲಿನ ನೊಣವೂ ಏಳುತ್ತಿರಲಿಲ್ಲ. ಆದರೆ ಅಪ್ಪನ ಕಣ್ಣಿಂದ ನೀರು ದಳದಳ ಇಳಿಯಿತು.

"ಆತೇನು, ಬನವ್ವ?"

"ಒಂದಕ್ಕ ಆಗಿಬಿಡತೈತೇನು?" ಬನವ್ವ ಮೂಗು ಬಿಡದೆಯೇ ಕೇಳಿದಳು. "ಹದಿನೇಳು ಅದಾವ. ಉಳದವರು ಸತ್ತು ಪಾರಾದ್ರು. ಅವರವೂ ನಿನಗ."

"ದಿನಾ ಬರತೇನಿ."

"ಬಾ ಮತ್ತ." ಆಮೇಲೆ ಒಳಗಿನ ಕಡೆ ಮುಖ ಮಾಡಿ, ಹಾಸಿಗೆ ಹಿಡಿದಾಗಿನಿಂದ ಯಾರೂ ಕೇಳದ ದನಿಯಲ್ಲಿ ಕೂಗಿದಳು. "ಸಾವಂತ್ರಿ! ಗಂಜಿ ತಾ. ಕೈಯಾಗ ಬಲಾನ ಇಲ್ಲ."

ಅಲ್ಲಿಂದ ಅಪ್ಪ ನೇರ ಶಾಲೆಗೆ ಬಂದ. ಫಕೀರಪ್ಪನ ಹೊಸ ಅರಿವೆಯನ್ನು ಅವನು ಮುಟ್ಟಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೊಡದಲ್ಲಿ ಅದ್ದಿ ಹಿಂಡಿ ಹಲಗೆಯ ಮುಂದೆ ನಿಂತ. ಗೋಡೆಯ ಕಡೆ ಕೂತಿದ್ದ ಮಕ್ಕಳೆಲ್ಲ ತಿರುಗಿದವು. ನಾನು, "ಅಪ್ಪಾ, ನಾ ಒರೆಸಲೇನು?" ಎಂದೆ. ತಲೆ ಅಲ್ಲಾಡಿಸಿದ. ಅಜ್ಜನ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಒಮ್ಮೆ ತಿದ್ದಿ, ಆಮೇಲೆ ಒರೆಸಿದ. ನಿನ್ನೆ ಬರೆದದ್ದೇನೋ ಎನ್ನುವ ಹಾಗೆ ಹೋಯಿತು. "ಹತ್ತು" ಎಂಬುದನ್ನು ಮೊದಲು ಒರೆಸಿದ, "ಹಾಸು" ಎಂಬುದನ್ನು ಕೊನೆಗೆ. ಹಲಗೆ ಇಷ್ಟು ಅಗಲ ಇತ್ತು ಎಂಬುದು ನಮಗ್ಯಾರಿಗೂ ತಿಳಿದಿರಲಿಲ್ಲ. ನಾನು ಅವತ್ತು ಅದರ ಮೇಲೆ ಏನೂ ಬರೆಯಲಿಲ್ಲ, ಕೈ ಬರಲಿಲ್ಲ. ಮರುದಿನ ಒಂದು ಭಾಗಾಕಾರ ಬರೆದೆ, ಮೇಲಿನಿಂದ ಕೆಳಗಿನವರೆಗೆ, ಶೇಷ ಉಳಿಯುವ ತನಕ.

ಅಪ್ಪ ದಿನಾ ಬೆಳಿಗ್ಗೆ ಹಲಗೆಗೆ ಕೈ ಮುಗಿಯುವ ಬದಲು ನೇಕಾರ ಓಣಿಗೆ ಹೋಗತೊಡಗಿದ. ಬನವ್ವನ ಹೊಡೆತಕ್ಕೆ ದಿನದಿಂದ ದಿನಕ್ಕೆ ಸದ್ದು ಬಂತು. ಗಂಜಿ ಹೋಗಿ ನುಚ್ಚು ಬಂತು, ನುಚ್ಚು ಹೋಗಿ ರೊಟ್ಟಿ ಬಂತು. ಅವಳು ಸಾಯುವುದನ್ನು ಎಣಿಸುತ್ತಿದ್ದ ಊರು ಈಗ ಕಿಟಕಿಯ ಹೊರಗೆ ನಿಂತು ಹೊಡೆತ ಎಣಿಸುತ್ತಿತ್ತು. ಏಳು, ಎಂಟು ಎಂದು ಮಕ್ಕಳು ಕೂಗುತ್ತಿದ್ದವು. ಹದಿನೇಳನೆಯ ದಿನ ಬನವ್ವ ಗೋಡೆಗೆ ಒರಗಿ ಎದ್ದು ಕೂತಿದ್ದಳು. ಹೊಡೆದಳು. ಅಪ್ಪ ಮುಖ ಒರೆಸಿಕೊಂಡು, ರುಮಾಲು ಸುತ್ತಿಕೊಂಡು, "ಹದಿನೇಳು. ಮುಗೀತಲ್ಲ ಬನವ್ವ" ಎಂದ. ಹೇಳುವಾಗ ಅವನ ದನಿಯಲ್ಲಿ ಸಮಾಧಾನ ಇರಲಿಲ್ಲ, ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗುವುದು ಎಂಬ ಚಿಂತೆ ಇತ್ತು.

"ಎಲ್ಲಿ ಮುಗೀತು?" ಎಂದಳು ಬನವ್ವ. "ಹದಿನಾರು ಆಗ್ಯಾವ."

"ಹದಿನೇಳು! ಊರೆಲ್ಲಾ ಎಣಿಸೇತಿ."

"ಮೊದಲನೇದು ಎಣಿಕೀಗೆ ಬರೂದಿಲ್ಲ. ಅದು ಶುರು. ನಮ್ಮ ಕಿಟಕಿ ಮುಂದ ನಿಂತು ಹಂಗ ಒದರಿದಾಂವ ನೀನ ಅಲ್ಲೇನು, ರಾಚಾ? ನಾಳಿ ಬಾ."

ಮರುದಿನ ನಾನು ಶಾಲೆಯಲ್ಲಿ ಹಲಗೆಯ ಮುಂದೆ ನಿಂತಿದ್ದೆ. ಅಪ್ಪ ಬಾಗಿಲಿಗೆ ಬಂದ. ಬರುವಾಗ ಬಾವಿಕಟ್ಟೆ, ಪಂಚಾಯಿತಿ ಕಟ್ಟೆ, ಫಕೀರಪ್ಪನ ಅಂಗಡಿ, ಎಲ್ಲ ಕಡೆ ಕೆನ್ನೆ ತೋರಿಸಿಕೊಂಡು ಬಂದಿದ್ದ. ಎಡಗೆನ್ನೆ ಕೆಂಪಗೆ ಉಬ್ಬಿತ್ತು, ಬೆರಳು ಅಚ್ಚೊತ್ತಿದ ಹಾಗೆ ಮೂಡಿದ್ದವು. "ನೋಡು, ಎಷ್ಟು ಅದಾವ ಎಣಿಸು" ಎಂದು ಮುಖ ಮುಂದೆ ಮಾಡಿದ. ನಾನು ಸೀಮೆಸುಣ್ಣ ಕೆಳಗಿಟ್ಟು ಅಪ್ಪನ ಕೆನ್ನೆ ಮುಟ್ಟಿ ಎಣಿಸಿದೆ. ಹೆಬ್ಬೆರಳಿನಿಂದ ಒಂದು ಸಲ, ಕಿರುಬೆರಳಿನಿಂದ ಇನ್ನೊಂದು ಸಲ.